ಲಗ್ನಪತ್ರಿಕೆಗೆ ಮೊದಲು ಐ-20

ಅಮೆರಿಕದಲ್ಲಿ ಓದುತ್ತಿರುವ ಜೋಡಿ ಮದುವೆಯಾಗಬೇಕೆಂದರೆ ಈಗ ಮೂರು ಪಂಚಾಂಗ ತೆರೆಯಬೇಕು. ಊರಿನದು, ಕಾಲೇಜಿನದು, ಕಾನ್ಸುಲೇಟಿನದು. ಈ ವರ್ಷ ಮೂರೂ ಒಂದಕ್ಕೊಂದು ಮುಖ ತಿರುಗಿಸಿ ಕೂತಿವೆ. ಜಾತಕ ಕೂಡಿಬಂದರೂ ವೀಸಾ ಕೂಡಿಬರುವುದು ಹೇಗೆ? ಯಾರ ಕಾಗದದ ಮೇಲೆ ಯಾರು ನಿಲ್ಲಬೇಕು?

ಭಾನುವಾರ ರಾತ್ರಿ ಒಂಬತ್ತೂವರೆ. ಹಾಸನದ ಮನೆಯೊಂದರ ಊಟದ ಮೇಜು. ತಟ್ಟೆ ತೆಗೆದಾಗಿದೆ, ಮೊಸರಿನ ಪಾತ್ರೆ ಇನ್ನೂ ಅಲ್ಲೇ ಇದೆ. ಅದರ ಪಕ್ಕ ಒಂಟಿಕೊಪ್ಪಲ್ ಪಂಚಾಂಗ, ಪಂಚಾಂಗಕ್ಕೆ ಒರಗಿ ನಿಂತ ಫೋನು. ಫೋನಿನೊಳಗೆ ಡಲ್ಲಾಸ್‌ನ ಬೆಳಗಿನ ಹನ್ನೊಂದರ ಬಿಸಿಲು, ಮನೆಯ ಮಗಳು, ಅವಳ ಪಕ್ಕ ಕಠ್ಮಂಡುವಿನ ಹುಡುಗ.

“ಮೇ 15ಕ್ಕೆ ನನ್ನ ಕೋರ್ಸ್ ಮುಗಿಯತ್ತೆ” ಎಂದಳು ಮಗಳು.

“17ಕ್ಕೆ ಅಧಿಕ ಮಾಸ ಹಿಡಿಯತ್ತೆ” ಎಂದರು ಅಪ್ಪ, ಪುಟದಿಂದ ಕಣ್ಣೆತ್ತದೆ.

“ಜುಲೈ ಕೊನೆಗೆ?”

“ಆಷಾಢ.”

“ಡಿಸೆಂಬರ್ ರಜೇಲಿ?”

“ಧನುರ್ಮಾಸ.”

ಹುಡುಗನಿಗೆ ಕನ್ನಡ ಬಾರದು. ಆದರೂ ಆಗುತ್ತಿರುವುದೇನೆಂದು ತಿಳಿದು ನಕ್ಕ. ಅವನ ಊರಿನಲ್ಲೂ ಅಧಿಕ ಮಾಸಕ್ಕೆ ಮದುವೆಯಿಲ್ಲ, ಅಲ್ಲಿ ಅದರ ಹೆಸರು ಮಲಮಾಸ. ಗಡಿಯಾಚೆಗೆ ಹೆಸರು ಬದಲಾಗುತ್ತದೆ, ತಕರಾರು ಬದಲಾಗುವುದಿಲ್ಲ.

ಕಾಫಿಗೆಂದು ಹೋದ ನಾನು ಆ ರಾತ್ರಿ ಹನ್ನೊಂದರವರೆಗೂ ಅಲ್ಲೇ ಕೂತೆ.

ಪರಾಭವ ಸಂವತ್ಸರದ ಲೆಕ್ಕವೇ ಹಾಗಿದೆ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಜೂನ್ 16ರಿಂದ ಜುಲೈ 14ರವರೆಗೆ ನಿಜ ಜ್ಯೇಷ್ಠ. ಮಾರನೆಯ ದಿನದಿಂದ ಆಷಾಢ. ಅಮೆರಿಕದ ವಿಶ್ವವಿದ್ಯಾಲಯಗಳ ಬೇಸಿಗೆ ರಜೆ ಮೇ ನಡುವಿನಲ್ಲಿ ಆರಂಭವಾಗಿ ಆಗಸ್ಟ್ ನಡುವಿನಲ್ಲಿ ಮುಗಿಯುತ್ತದೆ. ಎಂದರೆ ಮೂರು ತಿಂಗಳ ರಜೆಯಲ್ಲಿ ತಾಳಿ ಕಟ್ಟಲು ಸಿಗುವುದು ನಾಲ್ಕು ವಾರ. ಚಳಿಗಾಲದ ರಜೆಯಂತೂ ಪ್ರತಿ ವರ್ಷ ಧನುರ್ಮಾಸದ ಮಡಿಲಿಗೇ ಬಂದು ಬೀಳುತ್ತದೆ.

ಆ ನಾಲ್ಕು ವಾರಕ್ಕೂ ವೀಸಾದ ಕಣ್ಣು ಬಿದ್ದಿದೆ. ಮೇ 15ಕ್ಕೆ ಪದವಿ ಮುಗಿಸಿದವರು ಮುಂದಿನ 60 ದಿನಗಳೊಳಗೆ ತಮ್ಮ ಓಪಿಟಿ ಆರಂಭಿಸಬೇಕು. ಓಪಿಟಿ ಎಂದರೆ ಓದಿದ ವಿಷಯದಲ್ಲೇ 12 ತಿಂಗಳು ಕೆಲಸ ಮಾಡುವ ಅನುಮತಿ. ಮೇ 15ಕ್ಕೆ 60 ದಿನ ಸೇರಿಸಿ ನೋಡಿ: ಜುಲೈ 14. ನಿಜ ಜ್ಯೇಷ್ಠದ ಅಮಾವಾಸ್ಯೆ! ವಾಷಿಂಗ್ಟನ್ನಿನ ಯಾವ ಅಧಿಕಾರಿಯೂ ಒಂಟಿಕೊಪ್ಪಲ್ ಪಂಚಾಂಗ ನೋಡಿ ನಿಯಮ ಬರೆದಿರಲಿಕ್ಕಿಲ್ಲ. ಆದರೂ ಆ ರಾತ್ರಿ ಹುಡುಗಿಯ ಅಪ್ಪ, ನಮ್ಮ ಮೇಷ್ಟ್ರು, ಒಂದು ಕ್ಷಣ ಅನುಮಾನದಿಂದಲೇ ಫೋನಿನ ಕಡೆ ನೋಡಿದರು.

ಇದು ಒಂದು ಮನೆಯ ಕಥೆಯಲ್ಲ. 2024–25ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 3.63 ಲಕ್ಷ. ಅವರಲ್ಲಿ ಹೆಚ್ಚಿನವರು ಸ್ನಾತಕೋತ್ತರ ಓದುವ ಇಲ್ಲವೇ ಓಪಿಟಿಯಲ್ಲಿರುವ, ಮದುವೆಯ ವಯಸ್ಸಿನ ಮಕ್ಕಳು. ವಧೂವರರ ಜಾಲತಾಣಗಳಲ್ಲಿ ಗೋತ್ರ, ನಕ್ಷತ್ರದ ಜತೆಗೆ ವೀಸಾ ಸ್ಥಿತಿಗೂ ಒಂದು ಕಾಲಂ ಬಂದು ಎಷ್ಟೋ ವರ್ಷವಾಯಿತು. ಆದರೆ ಆ ಕಾಲಂನಲ್ಲಿ ಬರೆದದ್ದರ ಅರ್ಥ ಬೀಗರಿಬ್ಬರಿಗೂ ಗೊತ್ತಿರುವುದಿಲ್ಲ. “ಹುಡುಗ ಎಫ್-1ನಲ್ಲಿದ್ದಾನೆ” ಎಂದರೆ ಏನೋ ಒಳ್ಳೆಯ ನೌಕರಿಯೇ ಇರಬೇಕು ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಅದು ವಿದ್ಯಾರ್ಥಿ ವೀಸಾ, ಅಷ್ಟೆ.

ನಿಶ್ಚಿತಾರ್ಥಕ್ಕೆ ವೀಸಾ ಇಲ್ಲ

ಮೊದಲು ಒಂದು ಭ್ರಮೆ ಕಳಚಬೇಕು. “ಫಿಯಾನ್ಸೆ ವೀಸಾ ಅಂತ ಇದೆಯಂತಲ್ಲ, ಅದರಲ್ಲಿ ಕಳಿಸಿದರಾಯ್ತು” ಎಂಬ ಮಾತು ಮದುವೆ ಮಾತುಕತೆಯ ಪ್ರತಿ ಚಾಪೆಯ ಮೇಲೂ ಕೇಳಿಬರುತ್ತದೆ. ಇದೆ, ಅದರ ಹೆಸರು ಕೆ-1. ಆದರೆ ಅದನ್ನು ಕೇಳುವ ಹಕ್ಕಿರುವುದು ಅಮೆರಿಕದ ಪ್ರಜೆಗೆ ಮಾತ್ರ. ಜೋಡಿ ಹಿಂದಿನ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ಅಲ್ಲಿಗೆ ಹೋದ 90 ದಿನಗಳೊಳಗೆ ಮದುವೆಯಾಗಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ ಈ ದಾರಿ ಇಲ್ಲ, ವಿದ್ಯಾರ್ಥಿಗಂತೂ ಇಲ್ಲವೇ ಇಲ್ಲ.

ವಿದ್ಯಾರ್ಥಿಯ ಕಾನೂನಿಗೆ ಗೊತ್ತಿರುವುದು ಗಂಡ, ಹೆಂಡತಿ ಮತ್ತು 21 ತುಂಬದ ಅವಿವಾಹಿತ ಮಕ್ಕಳು ಮಾತ್ರ. ಐದು ವರ್ಷದ ಪ್ರೀತಿ, ಎರಡು ಮನೆಯ ಒಪ್ಪಿಗೆ, ತಾಂಬೂಲ ಬದಲಾದ ಫೋಟೊ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಅದು ಕೇಳುವುದು ಒಂದೇ ಹಾಳೆ: ವಿವಾಹ ನೋಂದಣಿ ಪತ್ರ.

ಹಾಗಾಗಿ ಪ್ರಶ್ನೆ ಸರಳವಾಗುತ್ತದೆ. ಇಬ್ಬರೂ ಅಲ್ಲೇ ಓದುತ್ತಿದ್ದಾರೋ? ಅಥವಾ ಒಬ್ಬರು ಅಲ್ಲಿ, ಒಬ್ಬರು ಇಲ್ಲಿಯೋ? ಎರಡಕ್ಕೂ ದಾರಿ ಬೇರೆ.

ಒಬ್ಬರು ಅಲ್ಲಿ, ಒಬ್ಬರು ಇಲ್ಲಿ

ಎರಡನೆಯದರಿಂದಲೇ ಶುರು ಮಾಡೋಣ. ಕರ್ನಾಟಕದ ಮನೆಗಳಲ್ಲಿ ಹೆಚ್ಚು ಆಗುವುದು ಅದೇ. ಹುಡುಗ ಅಲ್ಲಿ ಎಂಎಸ್ ಮಾಡುತ್ತಿದ್ದಾನೆ, ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮದುವೆಯಾದ ಮೇಲೆ ಅವಳು ಹೋಗುವ ವೀಸಾ ಎಫ್-2, ಅಂದರೆ ವಿದ್ಯಾರ್ಥಿಯ ಅವಲಂಬಿತೆ. ಜನರ ಬಾಯಲ್ಲಿ ‘ಡಿಪೆಂಡೆಂಟ್’.

ಎಫ್-2 ಸಿಗುವುದು ತುಂಬ ಕಷ್ಟವೇನಲ್ಲ. ಹುಡುಗ ತನ್ನ ಕಾಲೇಜಿನ ಡಿಎಸ್ಒ ಎಂಬ ಅಧಿಕಾರಿಗೆ ಹೇಳಿ, ಹೆಂಡತಿಯ ಖರ್ಚಿಗೂ ಬ್ಯಾಂಕಿನಲ್ಲಿ ದುಡ್ಡಿದೆ ಎಂದು ತೋರಿಸಿ, ಅವಳ ಹೆಸರಿಗೊಂದು ಐ-20, ಅಂದರೆ ವೀಸಾಕ್ಕೆ ಬೇಕಾದ ಕಾಲೇಜಿನ ಅರ್ಹತಾ ಪತ್ರ, ಪಡೆಯಬೇಕು. ವಿದ್ಯಾರ್ಥಿ ಕಟ್ಟುವ 350 ಡಾಲರ್‌ನ ಸೇವಿಸ್ ಶುಲ್ಕ ಅವಲಂಬಿತರಿಗೆ ಇಲ್ಲ. ವೀಸಾ ಅರ್ಜಿಯ ಶುಲ್ಕ 185 ಡಾಲರ್ ಮಾತ್ರ ತಪ್ಪದು.

ಕಷ್ಟ ಇರುವುದು ಸಿಕ್ಕ ಮೇಲೆ. ಎಫ್-2ನಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲೂ ಇಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ. ಓದಬಹುದು, ಆದರೆ ಪೂರ್ಣಾವಧಿಯಲ್ಲ. ಅಷ್ಟು ಓದಿಗೂ ಅವಕಾಶ ಬಂದದ್ದು 2015ರಲ್ಲಿ. ಪೂರ್ತಿ ಕೋರ್ಸ್ ಸೇರಬೇಕೆಂದರೆ ಸ್ವಂತ ಎಫ್-1ಗೆ ಬದಲಾಗಬೇಕು. ಅಲ್ಲೇ ಇದ್ದುಕೊಂಡು ಅರ್ಜಿ ಹಾಕಿದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅಲ್ಲಿಯವರೆಗೆ ಪೂರ್ಣ ತರಗತಿಗೆ ಕಾಲಿಡುವಂತಿಲ್ಲ. “ಬೆಂಗಳೂರಿನ ಕಂಪನಿಯ ಕೆಲಸವನ್ನೇ ಅಲ್ಲಿ ಕೂತು ಮಾಡ್ತೀನಿ” ಎನ್ನುವವರಿದ್ದಾರೆ. ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯನ್ನೂ ಒಬ್ಬ ವಕೀಲರನ್ನೂ ಕೇಳದೆ ಅದಕ್ಕೆ ಕೈ ಹಾಕಬಾರದು.

ಹುಡುಗನ ಎಫ್-1ಗೆ ಧಕ್ಕೆ ಬಂದರೆ ಹುಡುಗಿಯ ಎಫ್-2 ಕೂಡ ಅದೇ ಗಳಿಗೆಯಲ್ಲಿ ಬೀಳುತ್ತದೆ. ಅವನು ಓಪಿಟಿಯಲ್ಲಿದ್ದು ಒಟ್ಟು 90 ದಿನ ಮೀರಿ ಕೆಲಸವಿಲ್ಲದೆ ಕೂತರೆ ಇಬ್ಬರೂ ಪೆಟ್ಟಿಗೆ ಕಟ್ಟಬೇಕು.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹುಡುಗಿಗೆ ಓದುವ ಮನಸ್ಸಿದ್ದು, ಪ್ರವೇಶವೂ ದುಡ್ಡೂ ಹೊಂದುವಂತಿದ್ದರೆ ಎಫ್-2 ಬೇಡ. ಆರು ತಿಂಗಳು ತಡವಾದರೂ ಸರಿ, ಅವಳ ಹೆಸರಿನಲ್ಲೇ ಎಫ್-1 ತೆಗೆದುಕೊಂಡು ಹೋಗಲಿ. ಎಂಟು ವರ್ಷ ಕೆಲಸ ಮಾಡಿದವಳು ಓಹಾಯೋದ ಒಂದು ಕೋಣೆಯಲ್ಲಿ ಕಿಟಕಿಯಾಚೆಯ ಹಿಮ ನೋಡುತ್ತ ಗಂಡನ ಲ್ಯಾಬ್ ಮುಗಿಯುವುದನ್ನು ಕಾಯುವ ಚಿತ್ರ ನಮ್ಮ ಮನೆಗಳಲ್ಲಿ ಯಾರಿಗೂ ಮೊದಲೇ ಕಾಣುವುದಿಲ್ಲ. ಲಗ್ನಪತ್ರಿಕೆಯಲ್ಲಿ ಅವಳ ಡಿಗ್ರಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿರುತ್ತೇವೆ. ಬರೀ ಅಚ್ಚು.

ಸಾವಿರ ಸುಳ್ಳಿನ ಗಾದೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಕಾನ್ಸುಲೇಟಿನ ಕಿಟಕಿಯ ಮುಂದೆ ನಡೆಯುವುದಿಲ್ಲ. ಅಲ್ಲಿ ಒಂದೇ ಒಂದು ಮಹತ್ವದ ಸುಳ್ಳು ಸಿಕ್ಕಿಬಿದ್ದರೂ ಅಮೆರಿಕದ ಬಾಗಿಲು ಆಜೀವ ಮುಚ್ಚಬಹುದು.

ಸಾಮಾನ್ಯ ಸುಳ್ಳು ಯಾವುದು ಗೊತ್ತೇ? ಮದುವೆಯಾಗಿದ್ದರೂ ‘ಅವಿವಾಹಿತೆ’ ಎಂದು ಬರೆಯುವುದು. ಸ್ವಂತ ಎಫ್-1ಗೆ ಅರ್ಜಿ ಹಾಕುವ ಹುಡುಗಿ, “ಗಂಡ ಅಲ್ಲಿದ್ದಾನೆ ಎಂದರೆ ವಾಪಸ್ ಬರಲ್ಲ ಅಂತ ವೀಸಾ ಕೊಡಲ್ಲ” ಎಂಬ ಏಜೆಂಟನ ಮಾತು ನಂಬಿ ಡಿಎಸ್-160 ಅರ್ಜಿಯಲ್ಲಿ ಮುಚ್ಚಿಡುತ್ತಾಳೆ. ಆ ಭಯ ಆಧಾರವಿಲ್ಲದ್ದೇನೂ ಅಲ್ಲ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಂ ಅರ್ಜಿದಾರರೆಲ್ಲ ಅಲ್ಲೇ ಉಳಿಯಲು ಬರುವವರು ಎಂದೇ ಮೊದಲು ಭಾವಿಸುತ್ತದೆ, ಹಾಗಲ್ಲವೆಂದು ತೋರಿಸುವ ಹೊರೆ ನಮ್ಮದು. ಆದರೆ ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಬಹುದು. ಸುಳ್ಳಿಗೆ ಆ ಸವಲತ್ತು ಇಲ್ಲ.

2025ರ ಜೂನ್‌ನಿಂದ ವಿದ್ಯಾರ್ಥಿ ಮತ್ತು ಅವರ ಅವಲಂಬಿತರ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಅರಿಶಿನದ ನೀರು ಎರಚಿದ ರೀಲ್ಸ್ ಊರಿಗೆಲ್ಲ ಕಾಣುವಾಗ ಅರ್ಜಿಯಲ್ಲಿ ‘ಅವಿವಾಹಿತೆ’ ಎಂದು ಬರೆಯುವುದು ಧೈರ್ಯವಲ್ಲ.

ಪೆಟ್ಟಿಗೆ: ಒಂದು ಇನಿಷಿಯಲ್‌ನ ಪಾಡು

ಕನ್ನಡಿಗರ ಹೆಸರಿಗೆ ಇನಿಷಿಯಲ್ ಉಂಟು, ಮನೆತನದ ಹೆಸರು ಹಲವರಿಗಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಡ್ರೈವಿಂಗ್ ಲೈಸೆನ್ಸಿನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ಆಮೇಲೆ ‘ಮಿಸ್ಟರ್ ಫ್ನು’ ಎಂದೇ ಕರೆಯುತ್ತಾರೆ.

ಮದುವೆಯ ವೇಳೆಗೆ ಇದು ಇಮ್ಮಡಿಯಾಗುತ್ತದೆ. ಲಗ್ನಪತ್ರಿಕೆಯಲ್ಲಿ ಚಿ. ಸೌ. ಜತೆ ಮುದ್ದಿನ ಹೆಸರು, ನೋಂದಣಿ ಪತ್ರದಲ್ಲಿ ಎಸ್ಸೆಸ್ಸೆಲ್ಸಿಯ ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಹೆಸರು. ಮೂರೂ ಒಬ್ಬಳೇ ಎಂದು ನಂಬಿಸುವ ಹೊಣೆ ಅವಳದು. ನೋಂದಣಿ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅಕ್ಷರ ಅಕ್ಷರ ನೋಡಿ ಬರೆಯಿಸಿ.

ಇಬ್ಬರೂ ಅಲ್ಲಿ

ಈಗ ಹಾಸನದ ಮೇಜಿಗೆ ಬರೋಣ. ಅಲ್ಲಿ ಇಬ್ಬರದೂ ಸ್ವಂತ ಎಫ್-1. ಮದುವೆಯಾದರೆ ಯಾರ ವೀಸಾವನ್ನೂ ಬದಲಿಸಬೇಕಿಲ್ಲ. ಇದನ್ನು ಮೇಷ್ಟ್ರಿಗೆ ಮನದಟ್ಟು ಮಾಡಿಸಲು ಮಗಳಿಗೆ ಅರ್ಧ ಗಂಟೆ ಹಿಡಿಯಿತು. “ಮದುವೆ ಆದ್ಮೇಲೆ ನೀನು ಅವನ ವೀಸಾಕ್ಕೆ ಸೇರ್ಕೋಬೇಕಲ್ವೇ?” ಎಂದು ಮೂರು ಸಲ ಕೇಳಿದರು. ರೇಷನ್ ಕಾರ್ಡಿನ ಹಾಗೆ ಎಂದುಕೊಂಡಿದ್ದರು.

ಹಾಗಲ್ಲ. ಇಬ್ಬರಿಗೂ ಸ್ವಂತ ಕಾಲಿರುವಾಗ ಒಬ್ಬರು ಇನ್ನೊಬ್ಬರ ಹೆಗಲೇರಬೇಕಿಲ್ಲ. ಇಬ್ಬರೂ ಓದು ಮುಗಿಸಿ ತಂತಮ್ಮ ಓಪಿಟಿ ಪಡೆಯುತ್ತಾರೆ. ವಿಜ್ಞಾನ, ತಂತ್ರಜ್ಞಾನ, ಗಣಿತದ ಪದವಿಯಾದರೆ ಮೇಲೆ 24 ತಿಂಗಳ ವಿಸ್ತರಣೆ. ಆಮೇಲೆ ಪ್ರತಿ ವರ್ಷ ಮಾರ್ಚ್‌ನಲ್ಲಿ ನಡೆಯುವ, ಎಚ್-1ಬಿ ಎಂಬ ನೌಕರಿ ವೀಸಾದ ಲಾಟರಿಯಲ್ಲಿ ಇಬ್ಬರ ಚೀಟಿಯೂ ಬೀಳುತ್ತದೆ.

ಒಂದು ಮನೆಗೆ ಎರಡು ಚೀಟಿ. ಜೋಡಿಯ ನಿಜವಾದ ಬಲ ಇದೇ. ವರ್ಷಕ್ಕೆ ಇರುವುದು 65 ಸಾವಿರ ವೀಸಾ, ಅಮೆರಿಕದ ಸ್ನಾತಕೋತ್ತರ ಪದವಿಯವರಿಗೆ ಇನ್ನೂ 20 ಸಾವಿರ. 2026ರ ಸರದಿಯಿಂದ ಸಂಬಳದ ಮಟ್ಟ ಹೆಚ್ಚಿದ್ದವರ ಚೀಟಿ ಡಬ್ಬಿಗೆ ಹೆಚ್ಚು ಸಲ ಬೀಳುವ ಹಾಗೆ ನಿಯಮ ಬದಲಾಗಿದೆ. ಆಗಷ್ಟೇ ಓದು ಮುಗಿಸಿದವರಿಗೆ ಇದು ಒಳ್ಳೆಯ ಸುದ್ದಿಯಲ್ಲ. ಆದ್ದರಿಂದಲೇ ಎರಡು ಚೀಟಿಯ ಬೆಲೆ ಇನ್ನೂ ಹೆಚ್ಚು.

ಒಬ್ಬರದು ಹತ್ತಿತು ಎನ್ನೋಣ. ಇನ್ನೊಬ್ಬರು ಕೂಡಲೇ ಅವರ ಅವಲಂಬಿತರಾಗಿ ಎಚ್-4ಗೆ ಹಾರಬೇಕೆ? ಬೇಡ. ಸ್ವಂತ ಓಪಿಟಿಯಲ್ಲಿ ಕೆಲಸ ಮಾಡುತ್ತಿರುವವರು ಎಚ್-4ಗೆ ಹೋದ ದಿನ ಆ ಕೆಲಸದ ಅನುಮತಿ ಹೋಯಿತು. ಎಚ್-4ನಲ್ಲಿ ಕೆಲಸಕ್ಕೆ ಅನುಮತಿ ಸಿಗುವುದು ಎಚ್-1ಬಿ ಸಂಗಾತಿಯ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎಂಬ ಮೈಲಿಗಲ್ಲು ದಾಟಿದ ಮೇಲೆ, ಹೆಚ್ಚಿನವರ ಪಾಲಿಗೆ. ಓಪಿಟಿಯ ಕೊನೆಯ ದಿನದವರೆಗೂ ಸ್ವಂತ ಕಾಲಿನಲ್ಲಿ ನಿಂತು, ಬೇರೆ ದಾರಿ ಇಲ್ಲವೆಂದಾದಾಗ ಎಚ್-4 ಹಿಡಿಯುವುದು ಜಾಣತನ. ಅದು ಕೊಡೆ, ಮಳೆ ಬಂದಾಗ ಬಿಚ್ಚಿದರಾಯಿತು.

ಎಚ್-1ಬಿ ಹತ್ತಿದವರು ಅಲ್ಲೇ ಇದ್ದು ಅದಕ್ಕೆ ಬದಲಾಗುವುದು ಲೇಸು, ಅದಕ್ಕೊಂದು ಕಾರಣವಿದೆ. 2025ರ ಸೆಪ್ಟೆಂಬರ್‌ನ ಆದೇಶದಂತೆ ಹೊಸ ಎಚ್-1ಬಿ ಅರ್ಜಿಯ ಮೇಲೆ ಬಿದ್ದ ಒಂದು ಲಕ್ಷ ಡಾಲರ್‌ನ ಹೊರೆ ಮುಖ್ಯವಾಗಿ ದೇಶದ ಹೊರಗಿರುವವರಿಗೆ. ಅಲ್ಲೇ ವಿದ್ಯಾರ್ಥಿಯಾಗಿದ್ದು ಸ್ಥಿತಿ ಬದಲಿಸಿಕೊಳ್ಳುವವರಿಗೆ ಅದು ತಾಗುವುದಿಲ್ಲ ಎಂದು ವಲಸೆ ಇಲಾಖೆ ಮರು ತಿಂಗಳು ಸ್ಪಷ್ಟಪಡಿಸಿತು. ಒಂದು ಲಕ್ಷ ಡಾಲರ್! ಹಾಸನದಲ್ಲಿ ಆ ದುಡ್ಡಿಗೆ ಸೈಟು ಕೊಂಡು ಮನೆ ಕಟ್ಟಿ ಗೃಹಪ್ರವೇಶಕ್ಕೆ ಊಟವನ್ನೂ ಹಾಕಿಸಬಹುದು.

ಹೋಗುವುದು ಸುಲಭ, ಹಿಂದಿರುಗುವುದು?

ಹಾಗಾದರೆ ತೊಡಕೆಲ್ಲಿ? ಹಾಸನಕ್ಕೆ ಬಂದು ಧಾರೆ ಎರೆಸಿಕೊಂಡು ವಾಪಸ್ ಹೋಗುವುದರಲ್ಲಿ.

ಭಾರತೀಯರಿಗೆ ಎಫ್-1 ವೀಸಾ ಸಾಮಾನ್ಯವಾಗಿ ಐದು ವರ್ಷಕ್ಕೆ ಸಿಗುತ್ತದೆ. ಎರಡು ವರ್ಷದ ಹಿಂದೆ ಹೋದ ಮಗಳ ವೀಸಾ ಇನ್ನೂ ಜೀವಂತ. ಅವಳು ಓಪಿಟಿ ಕಾರ್ಡ್, ಕೆಲಸದ ಪತ್ರ, ಆರು ತಿಂಗಳೊಳಗೆ ಡಿಎಸ್ಒ ಸಹಿ ಹಾಕಿದ ಐ-20 ಹಿಡಿದು ಬಂದು ಹೋಗಬಹುದು. ಆದರೆ ಮೇ 15ಕ್ಕೆ ಪದವಿ ಮುಗಿದು, ಕಾರ್ಡ್ ಇನ್ನೂ ಅಂಚೆಯಲ್ಲಿರುವಾಗ, ಕೆಲಸವೂ ಗಟ್ಟಿಯಾಗದಿರುವಾಗ ವಿಮಾನ ಹತ್ತಿದರೆ? ಕಾನೂನು ಬೇಡ ಎನ್ನುವುದಿಲ್ಲ. ಆದರೆ ಮರಳುವಾಗ ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಮೆಹಂದಿ ಬಿಟ್ಟರೆ.

ಹುಡುಗನ ಪಾಡು ಇನ್ನೂ ಬಿಗಿ. ಅವನು ಪದವಿಗೆಂದು ಮೊದಲೇ ಹೋದವನು. ಅವನ ಪಾಸ್‌ಪೋರ್ಟಿನ ವೀಸಾ ಅವಧಿ ಮುಗಿದಿದೆ. ಒಳಗಿರುವವರೆಗೆ ಚಿಂತೆಯಿಲ್ಲ, ಒಮ್ಮೆ ಹೊರಬಂದರೆ ಹೊಸ ಸ್ಟಾಂಪಿಂಗ್ ಆಗಲೇಬೇಕು. ಮೊದಲಾದರೆ ಹಾಸನದ ಮದುವೆ ಮುಗಿಸಿ ಹೊಸ ಮದುಮಕ್ಕಳು ಜತೆಯಾಗಿ ಚೆನ್ನೈ ಕಾನ್ಸುಲೇಟಿಗೆ ಹೋಗಿ ನೋಡಬಹುದಿತ್ತು. 2025ರ ಸೆಪ್ಟೆಂಬರ್‌ನಿಂದ ತಾತ್ಕಾಲಿಕ ವೀಸಾದ ಸಂದರ್ಶನವನ್ನು ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಕೊಡಬೇಕು. ಅವನು ಕಠ್ಮಂಡುವಿಗೇ ಹೋಗಬೇಕು. ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸಿನಲ್ಲಿ ಪಾಸ್‌ಪೋರ್ಟ್ ಹಾಕಿ ಬರುವ ಸೌಕರ್ಯವೂ ಅದೇ ತಿಂಗಳು ಬಹುಪಾಲು ಜನರಿಗೆ ನಿಂತುಹೋಯಿತು.

ಬೆಂಗಳೂರಿನಲ್ಲಿ ಕಾನ್ಸುಲೇಟ್ ಬಂತಲ್ಲ ಎಂದು ಕೇಳುವವರಿಗೆ: 2025ರ ಜನವರಿಯಲ್ಲಿ ಕಚೇರಿಯೇನೋ ಆರಂಭವಾಯಿತು, ಆದರೆ ಆಗ ಅದರ ಜತೆ ವೀಸಾ ಕಿಟಕಿ ಬರಲಿಲ್ಲ. ನಮ್ಮವರು ಚೆನ್ನೈ, ಹೈದರಾಬಾದ್ ಎಂದು ರೈಲು ಹತ್ತುವುದು ತಪ್ಪಲಿಲ್ಲ.

ಮದುವೆಗೆ ಬಂದು ಸಿಕ್ಕಿಹಾಕಿಕೊಳ್ಳುವುದು ಬರೀ ಊಹೆಯ ಮಾತಲ್ಲ. 2025ರ ಡಿಸೆಂಬರ್‌ನಲ್ಲಿ ಎಚ್-1ಬಿ, ಎಚ್-4 ಅರ್ಜಿದಾರರ ಜಾಲತಾಣ ತಪಾಸಣೆ ಆರಂಭವಾದಾಗ ಭಾರತದಲ್ಲಿ ಗೊತ್ತಾಗಿದ್ದ ಸಂದರ್ಶನಗಳು ಒಮ್ಮೆಲೇ ತಿಂಗಳುಗಟ್ಟಲೆ ಮುಂದೆ ಹೋದವು. ಎರಡು ವಾರದ ರಜೆಗೆ ಬಂದವರು ವಸಂತದವರೆಗೆ ತವರಿನಲ್ಲೇ ಉಳಿಯಬೇಕಾಯಿತು. ಹೊಸ ಸೊಸೆ ಮೊದಲ ಆಷಾಢಕ್ಕೆ ತವರಿಗೆ ಹೋಗುವುದು ನಮ್ಮ ಸಂಪ್ರದಾಯ. ಈಗ ಆ ಕೆಲಸವನ್ನು ಕಾನ್ಸುಲೇಟೇ ವಹಿಸಿಕೊಂಡಂತಿದೆ, ಯಾವ ಮಾಸವಾದರೂ ಸರಿ.

ಪೆಟ್ಟಿಗೆ: ಬೇರೆ ದೇಶಕ್ಕೆ ಹೋದವರಿಗೆ

ಬ್ರಿಟನ್: 2024ರ ಜನವರಿ 1ರಿಂದ ಸಾಮಾನ್ಯ ಎಂಎ, ಎಂಎಸ್ಸಿ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆತರುವಂತಿಲ್ಲ. ಪಿಎಚ್‌ಡಿ ಮತ್ತು ಸಂಶೋಧನಾ ಕೋರ್ಸಿನವರಿಗೆ, ಸರ್ಕಾರಿ ನೆರವಿನ ವಿದ್ಯಾರ್ಥಿಗಳಿಗೆ ವಿನಾಯಿತಿ. ಓದಿದ ನಂತರದ ಗ್ರಾಜ್ಯುಯೇಟ್ ವೀಸಾದಲ್ಲಿರುವಾಗ ಮದುವೆಯಾದರೂ ಹೊಸ ಸಂಗಾತಿಗೆ ಬಾಗಿಲಿಲ್ಲ, ಮೊದಲೇ ಅವಲಂಬಿತರಾಗಿದ್ದವರಿಗಷ್ಟೇ. ಸ್ಕಿಲ್ಡ್ ವರ್ಕರ್ ಆಗುವವರೆಗೆ ಕಾಯಬೇಕು.

ಕೆನಡಾ: 2025ರ ಜನವರಿ 21ರಿಂದ ವಿದ್ಯಾರ್ಥಿಯ ಸಂಗಾತಿಗೆ ಕೆಲಸದ ಪರವಾನಗಿ ಸಿಗುವುದು ಪಿಎಚ್‌ಡಿ, 16 ತಿಂಗಳಿಗೆ ಕಡಿಮೆಯಿಲ್ಲದ ಸ್ನಾತಕೋತ್ತರ ಮತ್ತು ಕೆಲವು ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಕಾಲೇಜಿನ ಡಿಪ್ಲೊಮಾ ನಂಬಿ ಮದುವೆ ಗೊತ್ತು ಮಾಡಿಕೊಂಡವರು ಮತ್ತೊಮ್ಮೆ ಲೆಕ್ಕ ಹಾಕಬೇಕು.

ಆಸ್ಟ್ರೇಲಿಯ: ವಿದ್ಯಾರ್ಥಿಯ ಸಂಗಾತಿ ಕೆಲಸ ಮಾಡಬಹುದು, ಎರಡು ವಾರಕ್ಕೆ 48 ಗಂಟೆ. ಸ್ನಾತಕೋತ್ತರ, ಪಿಎಚ್‌ಡಿ ವಿದ್ಯಾರ್ಥಿಯ ಸಂಗಾತಿಗೆ ಆ ಮಿತಿಯೂ ಇಲ್ಲ. ಮದುವೆಯಾಗಿದ್ದರೆ ಮೊದಲ ಅರ್ಜಿಯಲ್ಲೇ ಹೇಳಿರಬೇಕು.

ತಾಳಿ ಒಂದು, ಸಹಿ ಒಂದು

ಇಷ್ಟೆಲ್ಲ ಕೇಳಿದ ಮೇಲೆ ಹಾಸನದ ಅಮ್ಮ ಮೊದಲ ಸಲ ಬಾಯಿ ತೆರೆದರು. “ಅಲ್ಲೇ ರಿಜಿಸ್ಟರ್ ಮಾಡ್ಕೊಂಡ್ಬಿಡಿ. ತಾಳಿ ಆಮೇಲೆ ಇಲ್ಲಿ ಕಟ್ಟಿದ್ರಾಯ್ತು.”

ಮನೆ ನಿಶ್ಶಬ್ದವಾಯಿತು. ಇಡೀ ಸಂಜೆಯಲ್ಲಿ ಅತ್ಯಂತ ಕಾನೂನುಬದ್ಧ ಮಾತನ್ನಾಡಿದ್ದು ಅವರೇ.

ಮದುವೆ ನಡೆದ ಊರಿನ ಕಾನೂನಿಗೆ ಅದು ಸರಿಯಿದ್ದರೆ ಅಮೆರಿಕದ ವಲಸೆ ಇಲಾಖೆಗೂ ಸರಿ. ಟೆಕ್ಸಸ್‌ನಲ್ಲಿ ಮದುವೆಯಾಗಲು ಅಲ್ಲಿನ ಪ್ರಜೆಯಾಗಬೇಕಿಲ್ಲ, ಪಾಸ್‌ಪೋರ್ಟ್ ಹಿಡಿದು ಕೌಂಟಿ ಕ್ಲರ್ಕ್ ಕಚೇರಿಗೆ ಹೋದರೆ ಲೈಸೆನ್ಸ್ ಸಿಗುತ್ತದೆ. ಕೈಗೆ ಬಂದ ಮೇಲೆ 72 ಗಂಟೆ ಕಾಯಬೇಕು, 90 ದಿನದೊಳಗೆ ಮದುವೆ ಮುಗಿಸಬೇಕು. ನ್ಯೂಯಾರ್ಕ್‌ನಲ್ಲಿ ಕಾಯುವುದು 24 ಗಂಟೆ, ಕ್ಯಾಲಿಫೋರ್ನಿಯದಲ್ಲಿ ಕಾಯುವ ಮಾತೇ ಇಲ್ಲ.

ಇಲ್ಲಿನ ದಾರಿ ಇವರಿಗೆ ಅಷ್ಟು ಸಲೀಸಲ್ಲ. ಇಬ್ಬರೂ ಭಾರತೀಯ ಹಿಂದೂಗಳಾದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರೋಕ್ತವಾಗಿ ಮದುವೆಯಾಗಿ ಉಪನೋಂದಣಿ ಕಚೇರಿಯಲ್ಲಿ ಬರೆಸಿದರಾಯಿತು. ಒಬ್ಬರು ವಿದೇಶಿ ಪ್ರಜೆಯಾದರೆ ಕಚೇರಿಯವರು ಸಾಮಾನ್ಯವಾಗಿ ಬೆರಳು ತೋರಿಸುವುದು 1954ರ ವಿಶೇಷ ವಿವಾಹ ಕಾಯ್ದೆಯ ಕಡೆಗೆ. ಅದರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು, ಆಮೇಲೆ ನೋಟಿಸ್ ಹಾಕಿ ಇನ್ನೂ 30 ದಿನ ಆಕ್ಷೇಪಕ್ಕೆ ಕಾಯಬೇಕು. ಎರಡು ವಾರದ ರಜೆಯವರು ಎಲ್ಲಿಂದ ತಂದಾರು ಅಷ್ಟು ದಿನ? ಅಮೆರಿಕದ ಭಾರತೀಯ ದೂತಾವಾಸದಲ್ಲಿ 1969ರ ವಿದೇಶಿ ವಿವಾಹ ಕಾಯ್ದೆಯಡಿ ಆಗಬಹುದು, ಅಲ್ಲೂ ನೋಟಿಸಿನ ಅವಧಿ ಇದೆ.

ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಸರಳವಾಗಿ ಮಾಡಿದ ಈ ನಾಡಿನಲ್ಲಿ, ಒಂದು ಸಹಿಯ ಮದುವೆಗೆ ಯಾಕಿಷ್ಟು ಮುಜುಗರವೋ ನನಗೆ ತಿಳಿಯದು. ಕಾಗದಕ್ಕೆ ಒಂದು ದಿನ, ನೆಂಟರಿಗೆ ಒಂದು ದಿನ. ಎರಡನ್ನೂ ಒಂದೇ ದಿನಕ್ಕೆ ಕಟ್ಟಿಹಾಕಬೇಕೆಂಬ ಹಟವೇ ಅರ್ಧ ಜಗಳಕ್ಕೆ ಮೂಲ.

ಒಂದು ಎಚ್ಚರಿಕೆ. ಅಮೆರಿಕದ ಯೂಟಾ ಕೌಂಟಿಯವರು ವಿಡಿಯೊ ಕರೆಯಲ್ಲೇ ಮದುವೆ ಮಾಡಿಸಿ ಪತ್ರ ಕೊಡುತ್ತಾರೆ. ಹುಡುಗ ಅಲ್ಲಿ, ಹುಡುಗಿ ಇಲ್ಲಿ, ನಡುವೆ ಕ್ಲರ್ಕ್. ಪತ್ರ ಅಸಲಿಯೇ. ಆದರೆ ಇಬ್ಬರೂ ಒಂದೇ ಕಡೆ ಇರದೆ ಆದ ಮದುವೆಯನ್ನು, ಆಮೇಲೆ ಒಟ್ಟಿಗೆ ಸೇರಿ ಸಂಸಾರ ಮಾಡುವವರೆಗೆ, ವಲಸೆ ಕಾನೂನು ಒಪ್ಪುವುದಿಲ್ಲ.

ಹುಟ್ಟಿದ ಊರಿನ ಭಾಗ್ಯ

ಕರೆ ಮುಗಿಸುವ ಮೊದಲು ಹುಡುಗ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದ. ಅದನ್ನು ಮಗಳು ಅನುವಾದಿಸಿದಾಗ ಮೇಷ್ಟ್ರು ಪಂಚಾಂಗ ಮುಚ್ಚಿದರು.

ಆ ಮಾತು ಗ್ರೀನ್ ಕಾರ್ಡಿನದು. ಅಮೆರಿಕದ ಉದ್ಯೋಗಾಧಾರಿತ ಗ್ರೀನ್ ಕಾರ್ಡಿನಲ್ಲಿ ಯಾವ ಒಂದು ದೇಶದವರಿಗೂ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಅದಕ್ಕೇ ಹನುಮಂತನ ಬಾಲ. ಈಗ ಸರದಿ ಬರುತ್ತಿರುವವರು ಹತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರು. ಆದರೆ ಸಾಲು ಲೆಕ್ಕವಾಗುವುದು ಹುಟ್ಟಿದ ದೇಶದಿಂದ, ಮತ್ತು ಗಂಡ–ಹೆಂಡತಿಯಲ್ಲಿ ಒಬ್ಬರ ಹುಟ್ಟಿದ ದೇಶವನ್ನು ಇನ್ನೊಬ್ಬರೂ ಬಳಸಿಕೊಳ್ಳಬಹುದು. ನೇಪಾಳದಲ್ಲಿ ಹುಟ್ಟಿದವರಿಗೆ ಆ ಉದ್ದನೆಯ ಸಾಲಿಲ್ಲ. ಹಾಸನದಲ್ಲಿ ಹುಟ್ಟಿದ ಹುಡುಗಿಗೆ ಮುಂದೊಂದು ದಿನ ಅವಳದೇ ಕಂಪನಿ ಅರ್ಜಿ ಹಾಕಿದರೂ ಅವಳು ಗಂಡನ ನೇಪಾಳದ ಸಾಲಿನಲ್ಲಿ ನಿಲ್ಲಬಹುದು. ಇದಕ್ಕಾಗಿ ಯಾರೂ ಪ್ರೀತಿಸುವುದಿಲ್ಲ. ಪ್ರೀತಿಸಿದವರಿಗೆ ಗೊತ್ತಿರಲಿ, ಅಷ್ಟೆ.

ಮದುವೆಯ ತಾರೀಖಿಗೂ ಇಲ್ಲಿ ಬೆಲೆಯಿದೆ. ಒಬ್ಬರಿಗೆ ಗ್ರೀನ್ ಕಾರ್ಡ್ ಬರುವ ಮೊದಲೇ ಮದುವೆಯಾಗಿದ್ದರೆ ಸಂಗಾತಿಗೂ ಅದೇ ಅರ್ಜಿಯ ಬಾಲ ಹಿಡಿದು ಬರುವ ಹಕ್ಕಿದೆ. ಕಾರ್ಡ್ ಬಂದ ಮಾರನೆಯ ದಿನ ಮದುವೆಯಾದರೂ ಆ ಹಕ್ಕಿಲ್ಲ, ಬೇರೆ ಅರ್ಜಿ, ಬೇರೆ ಸಾಲು. “ಗ್ರೀನ್ ಕಾರ್ಡ್ ಬರಲಿ, ಆಮೇಲೆ ಹೆಣ್ಣು ನೋಡೋಣ” ಎನ್ನುವ ತಾಯಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ಮತ್ತೊಮ್ಮೆ ಓದಿ.

ಶುಕ್ರವಾರ, ಹನ್ನೆರಡರ ನಂತರ

ಯುಗಾದಿ ಕಳೆದ ಮೇಲೆ ಜೋಡಿ ಕೌಂಟಿ ಕಚೇರಿಯಲ್ಲಿ ಲೈಸೆನ್ಸ್ ತೆಗೆದುಕೊಂಡಿತು. ನ್ಯಾಯಾಧೀಶರ ಕಚೇರಿ ಕೊಟ್ಟ ಸಮಯ ಶುಕ್ರವಾರ ಹನ್ನೊಂದು ಗಂಟೆ. ಹಾಸನದಿಂದ ತಕ್ಷಣ ಫೋನು ಹೋಯಿತು: ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆ ರಾಹು ಹಾಸನದವನೋ ಡಲ್ಲಾಸಿನವನೋ ಎಂದು ಮಗಳು ಕೇಳಿದಳು. ಅಪ್ಪ ಉತ್ತರ ಕೊಡಲಿಲ್ಲ. ಕಚೇರಿಯವರು ಯಾಕೆ ಏನು ಎಂದು ಕೇಳದೆ ಹನ್ನೆರಡೂವರೆಗೆ ಬದಲಿಸಿಕೊಟ್ಟರು.

ಎರಡು ಸಹಿ, ಒಂದು ಫೋಟೊ. ಆ ಮಧ್ಯಾಹ್ನ ಇಬ್ಬರೂ ಡಿಎಸ್ಒಗೆ ಇಮೇಲ್ ಕಳಿಸಿದರು. ಯಾರ ವೀಸಾವೂ ಬದಲಾಗಿಲ್ಲ, ಯಾರೂ ಯಾರ ಡಿಪೆಂಡೆಂಟೂ ಅಲ್ಲ.

ಧಾರೆ 2027ರ ವೈಶಾಖಕ್ಕೆ. ಹಾಸನದ ಕಲ್ಯಾಣ ಮಂಟಪಕ್ಕೆ ಮುಂಗಡ ಕಟ್ಟಿ ಆಗಿದೆ. ರಸೀದಿಯಲ್ಲಿ ವರನ ಹೆಸರಿನ ಕಾಗುಣಿತ ತಪ್ಪಾಗಿ ಬಿದ್ದಿದೆಯಂತೆ. ಮೇಷ್ಟ್ರು ಪಾಸ್‌ಪೋರ್ಟಿನ ಜೆರಾಕ್ಸ್ ಹಿಡಿದು ತಿದ್ದಿಸಲು ಹೋಗಿದ್ದಾರೆ.